ಬಿಸಿ ಟೈರಿನ ಗಾಳಿ ಬಿಡಬೇಡಿ

ಶಿರಾಡಿ ಘಾಟಿ ಇಳಿದ ಮೇಲೆ ಒಂದು ಬಂಕಿನಲ್ಲಿ ಗಾಳಿ ನೋಡಿಸಿದೆ. ನಸುಕಿನಲ್ಲಿ ಬೆಂಗಳೂರು ಬಿಡುವಾಗ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದು ಈಗ 37 ತೋರಿಸಿತು. "ಜಾಸ್ತಿ ಆಗಿದೆ ಸರ್" ಎಂದ ಹುಡುಗ ವಾಲ್ವಿನ ಪಿನ್ ಒತ್ತಿ, ಬುಸ್ ಎಂದು ಗಾಳಿ ಬಿಟ್ಟು, ನಾಲ್ಕೂ ಚಕ್ರವನ್ನು 33ಕ್ಕೆ ಇಳಿಸಿದ. ನಾನೂ ತಲೆಯಾಡಿಸಿದೆ. ಮಾರನೆಯ ಬೆಳಿಗ್ಗೆ ಮಂಗಳೂರಿನಲ್ಲಿ ನನ್ನದೇ ಗೇಜ್ ಹಾಕಿ ನೋಡಿದರೆ 28ರ ಆಸುಪಾಸು!

ಎರಡು ಗೇಜುಗಳೂ ಸುಳ್ಳು ಹೇಳಿರಲಿಲ್ಲ. ಓಡುವ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಬಾಗಿಸಲು ಹಾಕಿದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ, ಒಂದು ಪಾಲು ಶಾಖವಾಗಿ ಉಳಿಯುತ್ತದೆ. ಒಳಗಿನ ಗಾಳಿ ಕಾಯುತ್ತದೆ, ಹಿಗ್ಗಲು ಜಾಗವಿಲ್ಲ, ಒತ್ತಡ ಏರುತ್ತದೆ. ಲೆಕ್ಕ ಸುಲಭ. ಗೇಜಿನ 33ಕ್ಕೆ ಹೊರಗಿನ ವಾತಾವರಣದ (ಸಮುದ್ರಮಟ್ಟದಲ್ಲಿ) 14.7 ಸೇರಿಸಿದರೆ ಒಳಗಿನ ನಿಜವಾದ ಒತ್ತಡ ಸುಮಾರು 48. ತಾಪವನ್ನು ಕೆಲ್ವಿನ್‌ನಲ್ಲಿ, ಅಂದರೆ ಸೆಲ್ಸಿಯಸ್‌ಗೆ 273 ಸೇರಿಸಿ ಹಿಡಿದರೆ ಸುಮಾರು 300. ಆರು ಡಿಗ್ರಿ ಏರಿತೆಂದರೆ ನೂರಕ್ಕೆ ಎರಡರಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಪಿಎಸ್‌ಐ. ಟೈರು 25 ಡಿಗ್ರಿ ಕಾದಿದ್ದರೆ ನಾಲ್ಕು. ಬಿಸಿಯಲ್ಲಿ 33ಕ್ಕೆ ಇಳಿಸಿದ ಟೈರು ರಾತ್ರಿ ತಣಿದಾಗ ಒತ್ತಡ ಅದಕ್ಕಿಂತಲೂ ಕೆಳಗಿಳಿಯುತ್ತದೆ.

ಬೆಂಗಳೂರಿನಿಂದ ಕರಾವಳಿಗೆ ಇಳಿಯುವವರಿಗೆ ಇನ್ನೊಂದು ಸೊಗಸಿದೆ. ಗೇಜು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು ಮಾತ್ರ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಹೊರಗಿನ ಗಾಳಿ ತೆಳು, ಅಲ್ಲಿನ ಒತ್ತಡ ಮಂಗಳೂರಿಗಿಂತ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ. ಘಾಟಿ ಇಳಿದಾಗ ಗೇಜಿನಲ್ಲಿ ಅಷ್ಟು ಕುಸಿಯಬೇಕು. ಆದರೆ ಅಲ್ಲಿನ ಸೆಖೆ ಅದರಲ್ಲಿ ಬಹುಪಾಲನ್ನು ತುಂಬಿಕೊಡುತ್ತದೆ.

ಐದು ಪಿಎಸ್‌ಐ ಕೊರತೆ ಸಣ್ಣದಲ್ಲ. ಕಾರಿನ ಭಾರ ಹೊರುವುದು ಬಹುಪಾಲು ಆ ಗಾಳಿಯೇ. 1200 ಕಿಲೋ ಕಾರಿನ ಒಂದೊಂದು ಚಕ್ರಕ್ಕೂ 300 ಕಿಲೋ, ರಸ್ತೆಗೆ ತಾಗುವುದು ಬೆರಳು ಸೇರಿದ ಒಂದು ಅಂಗೈಯಷ್ಟು ಜಾಗ. ಗಾಳಿ ಇಳಿದರೆ ಗೋಡೆ ಇನ್ನಷ್ಟು ಬಾಗುತ್ತದೆ, ಇನ್ನಷ್ಟು ಕಾಯುತ್ತದೆ, ಅಂಚು ಸವೆಯುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಟೈರು ಸಿಡಿಯಲು ಇದೊಂದು ದೊಡ್ಡ ಕಾರಣ. ಕಣ್ಣಳತೆ ನಂಬುವಂತಿಲ್ಲ, ಏಕೆಂದರೆ ಈಗಿನ ಕಾರುಗಳ ರೇಡಿಯಲ್ ಟೈರು ಗಾಳಿ ಸರಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಯೇ ಇರುತ್ತದೆ.

ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕರಿನಲ್ಲಿದೆ. ಟೈರಿನ ಮೇಲೆಯೇ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ಹಿಡಿಯಬೇಡಿ. ಸ್ಟಿಕರಿನ ಅಂಕಿ ತಣ್ಣಗಿನ ಟೈರಿನದು, ಅಂದರೆ ಮೂರು ಗಂಟೆಯಾದರೂ ನಿಂತಿದ್ದ ಕಾರಿನದು. ಬಂಕು ದೂರವಿದ್ದರೆ ನಾನು ಹೀಗೆ ಮಾಡುತ್ತೇನೆ: ಬೆಳಿಗ್ಗೆ ಮನೆಯಲ್ಲೇ ನೋಡಿ 'ಹಿಂದೆ ಎಡ, 3 ಕಡಿಮೆ' ಎಂದು ಬರೆದುಕೊಳ್ಳುತ್ತೇನೆ. ಬಂಕಿನಲ್ಲಿ ಗೇಜು ಎಷ್ಟೇ ತೋರಿಸಲಿ, ಅದರ ಮೇಲೆ 3 ಹಾಕಿಸುತ್ತೇನೆ. ನೈಟ್ರೋಜನ್ನಿಗೆ ದುಡ್ಡು ಕೊಡುವುದಿಲ್ಲ, ಮಾಮೂಲಿ ಗಾಳಿಯಲ್ಲೇ ಅದು ಶೇ 78ರಷ್ಟಿದೆ.

ಮಂಗಳೂರಿನಲ್ಲಿ ಅಂದು ಹತ್ತಿರದ ಪಂಕ್ಚರ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ನಾಲ್ಕನ್ನೂ 33ಕ್ಕೆ ತಂದು, ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ವಾಲ್ವಿನ ಬಾಯಿಗೆ ಒತ್ತಿ ನೋಡಿದರು. ಗುಳ್ಳೆ ಏಳಲಿಲ್ಲ. ಮುಚ್ಚಳ ತಿರುಗಿಸಿ, "ಸ್ಟೆಪ್ನಿ ನೋಡಿದ್ದೀರಾ?" ಎಂದು ಕೇಳಿದರು. ಡಿಕ್ಕಿ ತೆಗೆದು ಗೇಜು ಹಾಕಿದರೆ ಅದರಲ್ಲಿ ಇದ್ದದ್ದು 19.