ಭಾನುವಾರದ ಗುಂಪು ಓಟ: ಲೆಕ್ಕ ಕೊನೆಯವರಿಂದ ಶುರುವಾಗಲಿ

“ನೀವು ನಡೀರಿ, ನಾ ಹಿಂದಿಂದ ಬರ್ತೀನಿ.” ಗೆಳೆಯರು ಕೂಡಿ ವಾರಕ್ಕೊಮ್ಮೆ ಓಡುವ ಗುಂಪು ಒಡೆಯುವುದು ಬಹುತೇಕ ಈ ಮಾತಿನಿಂದಲೇ. ಮೊದಲ ಭಾನುವಾರ ಎಂಟು ಜನ ಸೇರುತ್ತಾರೆ. ಒಂದು ಕಿಲೋಮೀಟರು ಆಗುವಷ್ಟರಲ್ಲಿ ಮೂವರು ಮುಂದೆ, ಮೂವರು ನಡುವೆ, ಇಬ್ಬರು ಕಣ್ಣಿಗೆ ಬೀಳದಷ್ಟು ಹಿಂದೆ. ನಾಲ್ಕನೇ ವಾರಕ್ಕೆ ಹಿಂದಿನ ಇಬ್ಬರು ಬರುವುದಿಲ್ಲ, ಮುಂದಿದ್ದವರಲ್ಲಿ ಒಬ್ಬರು ಮೊಣಕಾಲು ಹಿಡಿದುಕೊಂಡು ಕೂತಿರುತ್ತಾರೆ. ಎರಡರ ಮೂಲವೂ ಒಂದೇ, ಗುಂಪಿನ ವೇಗವನ್ನು ಮುಂದಿನವರು ಗೊತ್ತುಮಾಡಿದ್ದು. ದಾರಿ, ಹೊತ್ತು, ನೀರು, ವೇಗ ಎಲ್ಲವನ್ನೂ ಕಟ್ಟಕಡೆಯವರಿಂದ ಲೆಕ್ಕ ಹಾಕಿದ ಗುಂಪು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ವೇಗ ಅಳೆಯಲು ಗಡಿಯಾರ ಬೇಡ, ಮಾತು ಸಾಕು. ಓಡುತ್ತಲೇ “ಸಂಜಿಗೆ ಬಜಾರಕ್ಕ ಹೋಗಿ ಎರಡು ಕಿಲೋ ತೊಗರಿಬ್ಯಾಳಿ ತರಬೇಕ್ರಿ” ಎಂಬಷ್ಟು ಉದ್ದದ ಮಾತು ಒಂದೇ ಉಸಿರಿಗೆ ಬಂದರೆ ವೇಗ ಸರಿಯಿದೆ. “ಸಂಜಿಗೆ… ಬಜಾರಕ್ಕ…” ಎಂದು ತುಂಡಾಗತೊಡಗಿದರೆ ಹೆಚ್ಚಾಯಿತು. ಒಂದು ಮಿತಿ ದಾಟಿದ ಮೇಲೆ ರಕ್ತದಲ್ಲಿ ಆಮ್ಲೀಯತೆ ಏರುತ್ತದೆ. ಹೆಚ್ಚಾದ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಉಸಿರು ತಾನೇ ಜೋರಾಗುತ್ತದೆ, ಮಾತಿಗೆ ಬಿಡುವು ಸಿಗುವುದಿಲ್ಲ. ಈ ಪರೀಕ್ಷೆಯನ್ನು ಗುಂಪಿನ ಕೊನೆಯವರ ಮೇಲೆ ಮಾಡಬೇಕು. ಮುಂದೋಡುವವರು ಗಂಟೆಗಟ್ಟಲೆ ಮಾತಾಡಬಲ್ಲರು, ಅವರನ್ನು ಕೇಳಿ ಪ್ರಯೋಜನವಿಲ್ಲ.

ಹಾಗಾದರೆ ಗಟ್ಟಿಗರು ಏನು ಮಾಡಬೇಕು? ದಾರಿಯನ್ನು ದೂರದಿಂದ ಅಳೆಯದೆ ಸಮಯದಿಂದ ಅಳೆದರೆ ಈ ಪ್ರಶ್ನೆಯೇ ಏಳುವುದಿಲ್ಲ. ಎಲ್ಲರೂ ಒಂದೇ ಜಾಗದಿಂದ ಹೊರಟು ತಮ್ಮ ತಮ್ಮ ವೇಗದಲ್ಲಿ 20 ನಿಮಿಷ ಓಡಲಿ, ಫೋನಿನ ಅಲಾರಂ ಹೊಡೆದ ಕೂಡಲೇ ನಿಂತಲ್ಲಿಂದಲೇ ತಿರುಗಲಿ. ಕಿಲೋಮೀಟರಿಗೆ 6 ನಿಮಿಷ ತೆಗೆದುಕೊಳ್ಳುವವರು ಅಷ್ಟರಲ್ಲಿ ಸುಮಾರು 3.3 ಕಿಲೋಮೀಟರು ಹೋಗಿರುತ್ತಾರೆ, 8 ನಿಮಿಷದವರು 2.5. ತಿರುಗಿದ ಮೇಲೆ ಇಬ್ಬರೂ 40ನೇ ನಿಮಿಷಕ್ಕೆ ಹೊರಟ ಜಾಗದಲ್ಲೇ ಕೂಡುತ್ತಾರೆ. ಅವರ ನಡುವಿನ ಅಂತರ ಯಾವಾಗಲೂ ಒಂದು ಕಿಲೋಮೀಟರಿಗಿಂತ ಕಡಿಮೆ, ಮರಳುವಾಗ ಮುಂದಿನವರಿಗೆ ಹಿಂದಿನವರೆಲ್ಲ ಕಣ್ಣೆದುರಿಗೇ ಇರುತ್ತಾರೆ. ಇದು ಕೆಡುವುದು ಒಂದೇ ಕಡೆ: ಹೋಗುವಾಗ ಉತ್ಸಾಹದಲ್ಲಿ ಜೋರಾಗಿ ಓಡಿ, ಬರುವಾಗ ಕಾಲೆಳೆಯುವುದು. ಮೊದಲ 10 ನಿಮಿಷ ಬೇಕೆಂದೇ ನಿಧಾನವಾಗಿ ಓಡಬೇಕು.

ಹೊಸಬರು ಹೆಚ್ಚಿದ್ದರೆ ಸುತ್ತುದಾರಿಯೇ ಮೇಲು. ನಮ್ಮ ಕಲಬುರಗಿಯಲ್ಲಾದರೆ ಪಬ್ಲಿಕ್ ಗಾರ್ಡನ್ನಿನ ಒಳಗೋ ಅಪ್ಪನ ಕೆರೆಯ ಬಳಿಯೋ ಒಂದು ಸುತ್ತನ್ನು ಫೋನಿನಲ್ಲಿ ಎರಡು ಸಲ ಅಳೆದು ಗೊತ್ತುಮಾಡಿಕೊಳ್ಳಿ, ಮರಗಳ ಕೆಳಗೆ ಜಿಪಿಎಸ್ ಆಚೀಚೆ ಆಗುತ್ತದೆ. ಒಬ್ಬರು ಎರಡು ಸುತ್ತು ಹಾಕಲಿ, ಇನ್ನೊಬ್ಬರು ಐದು. ಯಾರೂ ಬಹಳ ದೂರ ಇರುವುದಿಲ್ಲ, ನೀರಿನ ಬಾಟಲಿಗಳನ್ನು ಒಂದೇ ಕಡೆ ಇಡಬಹುದು. ಒಂದೇ ದಿಕ್ಕಿಗೆ ಸುತ್ತಿದರೆ ತಿರುವುಗಳಲ್ಲಿ ಒಂದೇ ಕಾಲಿನ ಮೇಲೆ ಭಾರ ಹೆಚ್ಚುತ್ತದೆ, ಹಾಗಾಗಿ ಅರ್ಧ ಓಟಕ್ಕೆ ದಿಕ್ಕು ಬದಲಿಸಿ. ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆಯ ರಸ್ತೆಗಳು ಅಂಗಡಿ ತೆರೆಯುವ ಮೊದಲು ಮಾತ್ರ ಓಟಕ್ಕೆ ಸಿಗುತ್ತವೆ. ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯ, ಬುದ್ಧ ವಿಹಾರದ ಕಡೆಗಿನ ಓಟವನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ.

ನಮ್ಮೂರ ನೆಲದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಇಲ್ಲಿ ಅಂಗಡಿ ಮುಂದೆ, ಓಣಿಯಲ್ಲಿ, ಎಷ್ಟೋ ಫುಟ್‌ಪಾತುಗಳಲ್ಲಿ ಹಾಸಿರುವುದು ಶಹಾಬಾದ್ ಪರಶಿ, ಅಂದರೆ ಚಪ್ಪಟೆ ಹಾಸುಗಲ್ಲು. ಒಣಗಿದ್ದಾಗ ಅದರಷ್ಟು ಸಪಾಟಾದ ನೆಲವಿಲ್ಲ. ಆದರೆ ಓಡಾಡಿ ನುಣುಪಾದ ಪರಶಿಯ ಮೇಲೆ ಬೆಳಿಗ್ಗೆ ಅಂಗಡಿಯವರು ಚೆಲ್ಲಿದ ಒಂದು ಬಕೆಟ್ ನೀರು ಬಿದ್ದರೆ ಸಾಕು, ಸವೆದ ಬೂಟು ಎಣ್ಣೆಯ ಮೇಲಿಟ್ಟಂತೆ ಜಾರುತ್ತದೆ. ಎರಡು ಪರಶಿ ಕೂಡುವಲ್ಲಿ ಒಂದರ ಅಂಚು ಬೆರಳಿನಷ್ಟು ಮೇಲೆದ್ದಿದ್ದರೂ ಮಬ್ಬುಗತ್ತಲಲ್ಲಿ ಕಾಲ್ಬೆರಳು ತಗಲಿ ಮುಗ್ಗರಿಸುತ್ತಾರೆ. ಕಾರಣ, ದಣಿದವರು ಪಾದ ಎತ್ತಿ ಇಡುವುದಿಲ್ಲ, ಎಳೆಯುತ್ತಾರೆ. ಪರಶಿ ಬಂದ ಕೂಡಲೇ ಹೆಜ್ಜೆ ಚಿಕ್ಕದು ಮಾಡಿ, ಪಾದ ದೇಹದ ಕೆಳಗೇ ಬೀಳುವಂತೆ ಇಡಬೇಕು. ಮುಂದಿರುವವರು “ಪರಶಿ!” ಎಂದು ಕೂಗಿ ಹೇಳಲಿ. ಎರೆಮಣ್ಣಿನ ಬಯಲೂ ಹಾಗೆಯೇ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಿಮ್ಮಡಿ ಸಿಕ್ಕಿಸಿಕೊಳ್ಳುತ್ತದೆ, ಮಳೆಗಾಲದಲ್ಲಿ ಬೂಟಿಗೆ ಮೆತ್ತಿ ಕಾಲು ಭಾರ ಮಾಡುತ್ತದೆ. ಮಳೆ ಬಿದ್ದ ಮರುದಿನ ಡಾಂಬರು ರಸ್ತೆಯೇ ಒಳ್ಳೆಯದು.

ಡಾಂಬರು ರಸ್ತೆಯಲ್ಲಿ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು, ಸಾಲಿಗೆ ಇಬ್ಬರಿಗಿಂತ ಹೆಚ್ಚು ಬೇಡ. ಒಂದು ತೊಡಕಿದೆ. ನೀರು ಹರಿದುಹೋಗಲೆಂದು ರಸ್ತೆಯ ಅಂಚನ್ನು ಇಳಿಜಾರು ಮಾಡಿರುತ್ತಾರೆ. ಹೋಗುವಾಗಲೂ ಬರುವಾಗಲೂ ಬಲಬದಿಯಲ್ಲೇ ಓಡಿದರೆ ಬಲಗಾಲು ಸದಾ ತಗ್ಗಿನಲ್ಲಿ ಬೀಳುತ್ತದೆ, ಸೊಂಟದ ಪಕ್ಕ ಅಥವಾ ಮೊಣಕಾಲಿನ ಹೊರಬದಿ ನೋಯತೊಡಗುತ್ತದೆ. ವಾಹನವಿಲ್ಲದ ಬಡಾವಣೆಯ ಒಳರಸ್ತೆ ಸಿಕ್ಕಾಗ ನಟ್ಟನಡುವೆ ಓಡಿ.

ಮೊಣಕಾಲಿನ ಮಾತು ಬಂತು. ಕಿಲೋಮೀಟರಿಗೆ ಏಳೂವರೆ ನಿಮಿಷ, ನಿಮಿಷಕ್ಕೆ 160 ಹೆಜ್ಜೆ ಎಂದರೆ 5 ಕಿಲೋಮೀಟರಿಗೆ 6,000 ಹೆಜ್ಜೆ. ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಆರು ದಿನ ಕುರ್ಚಿಯಲ್ಲಿ ಕೂತು ಏಳನೇ ದಿನ ಇದನ್ನು ಹೇರಿದರೆ ಮೊದಲು ಮುನಿಯುವುದು ಮೊಣಕಾಲ ಚಿಪ್ಪಿನ ಸುತ್ತ, ಮೊಣಕಾಲಿನ ಕೆಳಗಿನ ಮುಂಗಾಲೆಲುಬು, ಹಿಮ್ಮಡಿ. ಕೆಲವೇ ವಾರಗಳಲ್ಲಿ ಉಸಿರು ಪಳಗುತ್ತದೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. “ದಮ್ಮೇನ್ ಹತ್ತವಲ್ದು, ಇನ್ನೂ ಓಡಬಹುದು” ಎನಿಸುವ ಎರಡನೇ ತಿಂಗಳೇ ಅದಕ್ಕಾಗಿ ಅಪಾಯದ ಕಾಲ. ವಾರದ ನಡುವೆ ಎರಡು ದಿನ 20–25 ನಿಮಿಷ ಓಡದವರು ಭಾನುವಾರ ದೂರ ಓಡಬಾರದು. ಹೊಸಬರು 1 ನಿಮಿಷ ಓಡಿ 2 ನಿಮಿಷ ನಡೆಯಲಿ, ಇಂಥ 8 ಸುತ್ತಿಗೆ 24 ನಿಮಿಷ. ಪ್ರತಿ ಎರಡು ವಾರಕ್ಕೆ ಓಟಕ್ಕೆ ಅರ್ಧ ನಿಮಿಷ ಸೇರಿಸಿದರೆ ಸಾಕು. ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಆ ವಾರ ನಡಿಗೆ ಮಾತ್ರ. ಎಲುಬಿನ ಮೇಲೆ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ನೋಯುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಸೂಕ್ಷ್ಮ ಬಿರುಕು ಇರಬಹುದು.

ಇನ್ನು ಬಿಸಿಲು. ಕಲಬುರಗಿಯ ಏಪ್ರಿಲ್, ಮೇ ತಿಂಗಳಿಗೆ ಬೇರೆಯದೇ ವೇಳಾಪಟ್ಟಿ ಬೇಕು. ಜನವರಿಯಲ್ಲಿ ಸೂರ್ಯ ಮೂಡುವುದು 6.50ರ ಆಸುಪಾಸು, ಮೇ ಕೊನೆಯಲ್ಲಿ 5.45ಕ್ಕೇ. ದಿನದ ತಂಪು ಹೊತ್ತು ಸೂರ್ಯೋದಯಕ್ಕೆ ತುಸು ಮೊದಲು. ಆದ್ದರಿಂದ ಮೇನಲ್ಲಿ 5.10ಕ್ಕೆ ಹೊರಟು 6ರೊಳಗೆ ಮುಗಿಸಬೇಕು. ಬೇಸಿಗೆ ಸಂಜೆಯ ಓಟ ಬೇಡ. ಸೂರ್ಯ ಮುಳುಗಿದರೂ ಡಾಂಬರು, ಕಲ್ಲುಗೋಡೆಗಳು ಹಗಲಿನ ಕಾವನ್ನು ಉಗುಳುತ್ತಲೇ ಇರುತ್ತವೆ. ಒಣಹವೆಯ ಮೋಸ ಬೇರೆ. ಬೆವರು ಕೂಡಲೇ ಆರಿಹೋಗಿ ಅಂಗಿ ಒಣಗಿದಂತಿರುತ್ತದೆ, ನೀರು ಹೋದದ್ದೇ ತಿಳಿಯುವುದಿಲ್ಲ. ಓಟದ ಮೊದಲು, ಆಮೇಲೆ ತೂಕ ನೋಡಿಕೊಳ್ಳಿ: ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ. ತಾಸಿಗಿಂತ ಹೆಚ್ಚು ಓಡಿದ ದಿನ ಒಂದು ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು ಕಲಸಿ ಇಟ್ಟುಕೊಳ್ಳಿ. ಗುಂಪಿನಲ್ಲಿ ರಂಜಾನ್ ಉಪವಾಸ ಇರುವವರಿದ್ದರೆ ಆ ತಿಂಗಳು ಬೆಳಗಿನ ಓಟ ಅವರಿಗೆ ಇಡೀ ದಿನ ಭಾರ. ಅವರ ಜತೆ ಇಫ್ತಾರ್‌ಗೆ ಅರ್ಧ ತಾಸು ಮೊದಲು 20 ನಿಮಿಷ ನಡಿಗೆ ಬೆರೆತ ಓಟ ಸಾಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಕಿಸೆಯಲ್ಲಿ ಮೂರು ಚಮಚದಷ್ಟು ಸಕ್ಕರೆ ಕಟ್ಟಿಕೊಂಡೇ ಬರಲಿ.

ಓಟ ಮುಗಿದ ಮೇಲಿನ ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ, ಚಹಾ ತಪ್ಪೇನಲ್ಲ. ಮೊದಲು ನೀರು, ಆಮೇಲೆ ಸುಸಲಾ, ಮಿರ್ಚಿ ಒಂದೇ. ಎಷ್ಟೋ ಜನ ಏಳುವುದೇ ಅದಕ್ಕಾಗಿ, ಏಳಲಿ.

ಕೊನೆಯವರ ಜತೆ ಯಾವಾಗಲೂ ಒಬ್ಬ ಪಳಗಿದವರು ಇರಬೇಕು, ಅವರ ಬಳಿ ಫೋನು, ಅರ್ಧ ಲೀಟರ್ ನೀರು ಇರಬೇಕು. ಅವರ ಕೆಲಸ ಮಾತಾಡಿಸುತ್ತಿರುವುದು. ಇಷ್ಟು ಹೊತ್ತು ಮಾತಾಡುತ್ತಿದ್ದವರು ಅಸಂಬದ್ಧ ಉತ್ತರ ಕೊಡತೊಡಗಿದರೆ, ತೂರಾಡಿದರೆ, ಸಿಡುಕಿದರೆ ಅದನ್ನು ದಣಿವು ಎಂದುಕೊಳ್ಳಬೇಡಿ, ಬಿಸಿಲಾಘಾತವಿರಬಹುದು. ಕೂಡಲೇ ನೆರಳಿಗೆ ಒಯ್ದು ಮಲಗಿಸಿ, ಬೂಟು, ಬನಿಯನ್ನು ಬಿಚ್ಚಿ, ಸಿಕ್ಕಷ್ಟು ನೀರನ್ನು ಮೈಮೇಲೆ ಸುರಿದು ಗಾಳಿ ಹಾಕಿ; ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಒಬ್ಬರು 108ಕ್ಕೆ ಫೋನ್ ಮಾಡಲಿ. ಎಲ್ಲರಿಗಿಂತ ಜೋರಾಗಿ ಓಡುವವರು ಹತ್ತಿರದ ಚೌಕಕ್ಕೆ ಓಡಿಹೋಗಿ ನಿಂತು, ಆಂಬ್ಯುಲೆನ್ಸಿಗೆ ಓಣಿ ತೋರಿಸಲಿ.