ಹಳೆಯ ಅಲಾರಂನ ಬಾಗಿಲು ಸೆನ್ಸರ್: ದೋಷ ಹುಡುಕುವ ಬಗೆ

ಉದಾಹರಣೆಗೆ ಹನಿವೆಲ್ ವಿಸ್ಟಾ-20ಪಿ ಪ್ಯಾನೆಲ್ಲನ್ನೇ, ಅಂದರೆ ಮನೆಯ ಕಳ್ಳತನದ ಅಲಾರಂ ನಡೆಸುವ ಪೆಟ್ಟಿಗೆಯನ್ನೇ, ಇಟ್ಟುಕೊಳ್ಳೋಣ. ಅಮೆರಿಕದಲ್ಲಿ ಹಳೆಯ ಮನೆ ಕೊಂಡವರಿಗೆ ನೆಲಮಾಳಿಗೆಯ ಗೋಡೆಯ ತಗಡಿನ ಡಬ್ಬಿಯೊಳಗೆ ಇಂಥದ್ದೊಂದು ಸಿಗುವುದುಂಟು.

ಚೌಕಟ್ಟಿನಲ್ಲಿ ರೀಡ್ ಸ್ವಿಚ್, ಬಾಗಿಲಿಗೆ ಆಯಸ್ಕಾಂತ. ಸ್ವಿಚ್ಚಿನ ಗಾಜಿನ ಕೊಳವೆಯೊಳಗೆ ಎರಡು ತೆಳ್ಳನೆಯ ಲೋಹದ ಪಟ್ಟಿಗಳಿವೆ. ಆಯಸ್ಕಾಂತ ಹತ್ತಿರವಿದ್ದರೆ ಅವು ಕೂಡುತ್ತವೆ, ಸರಿದರೆ ಬಿಡುತ್ತವೆ. ತಂತಿಯ ತುದಿಯಲ್ಲಿ 2000 ಓಮ್‌ನ ರೆಸಿಸ್ಟರ್ ಇರುತ್ತದೆ. ನಾಲ್ಕು ಪಟ್ಟೆಯದಾದರೆ ಮೊದಲ ಮೂರು ಕೆಂಪು, ಕಪ್ಪು, ಕೆಂಪು. ಪ್ಯಾನೆಲ್ಲಿಗೆ ಆ 2000 ಓಮ್ ಕಂಡರೆ ಬಾಗಿಲು ಮುಚ್ಚಿದೆ ಎಂದರ್ಥ. ಏನೂ ಕಾಣದಿದ್ದರೆ ಬಾಗಿಲು ತೆರೆದಿದೆ, ಇಲ್ಲವೇ ತಂತಿ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಅಂದರೆ ಎರಡು ತಂತಿಗಳು ಎಲ್ಲೋ ತಾಗಿಕೊಂಡಿವೆ. ಇನ್ನೊಂದು ಕಂಪನಿಯ ಪ್ಯಾನೆಲ್ಲಾದ ಡಿಎಸ್‌ಸಿ ಪವರ್ ಸೀರೀಸಿನಲ್ಲಿ ಇದೇ ಕೆಲಸಕ್ಕೆ 5600 ಓಮ್ (ಹಸಿರು, ನೀಲಿ, ಕೆಂಪು) ಬೇಕು. ಪ್ಯಾನೆಲ್ ಬದಲಿಸಿ ಹಳೆಯ ರೆಸಿಸ್ಟರನ್ನೇ ಬಿಟ್ಟರೆ ಝೋನ್ (ಪ್ಯಾನೆಲ್ಲಿಗೆ ಒಂದು ಸಂಖ್ಯೆಯಡಿ ಸೇರುವ ತಂತಿಯ ಸಾಲು) ಸರಿಯಾಗಿ ಕೆಲಸ ಮಾಡುವುದಿಲ್ಲ.

ಡಬ್ಬಿ ತೆರೆಯುವ ಮೊದಲು ಒಂದು ಸುಲಭದ ಪರೀಕ್ಷೆ. ಬಾಗಿಲು ಮುಚ್ಚಿದ್ದರೂ ಕೀಪ್ಯಾಡ್ ‘ಫಾಲ್ಟ್ 03’ (3ನೇ ಝೋನ್ ತೆರೆದಿದೆ) ಎನ್ನುತ್ತಿದೆಯೇ? ಬೇರೊಂದು ಬಿಡಿ ಆಯಸ್ಕಾಂತವನ್ನು ಸ್ವಿಚ್ಚಿಗೆ ತಾಗಿಸಿ ನೋಡಿ. ಫಾಲ್ಟ್ ಹೋದರೆ ಸ್ವಿಚ್ಚೂ ತಂತಿಯೂ ಚೆನ್ನಾಗಿವೆ, ತಪ್ಪಿರುವುದು ಅಂತರ. ಕೀಲಿನ ತಿರುಪು ಸಡಿಲವಾಗಿ ಬಾಗಿಲು ಜೋತಿರಬಹುದು, ಮರ ಹಿಗ್ಗಿ ಕುಗ್ಗಿರಬಹುದು. ಉಕ್ಕಿನ ಬಾಗಿಲಾದರೆ ಆಯಸ್ಕಾಂತದ ಸೆಳೆತವನ್ನು ಉಕ್ಕೇ ನುಂಗುತ್ತದೆ. ಅಲ್ಲಿಗೆ ಹೆಚ್ಚಿನ ಅಂತರಕ್ಕೆಂದೇ ಮಾಡಿದ ಸೆನ್ಸರ್ ಬೇಕು. ಗಾಳಿ ಬೀಸಿದಾಗ ಮಾತ್ರ ಕೂಗುವ ಅಲಾರಂಗೂ ಸಾಮಾನ್ಯವಾಗಿ ಅಂತರವೇ ಕಾರಣ.

ಅದರಿಂದ ಆಗದಿದ್ದರೆ ಮಲ್ಟಿಮೀಟರ್. ಮಾನಿಟರಿಂಗ್ ಇದ್ದರೆ, ಅಂದರೆ ಅಲಾರಂ ಮೇಲೆ ದೂರದಿಂದ ಕಣ್ಣಿಡುವ ಕಂಪನಿಯಿದ್ದರೆ, ಮೊದಲು ಅವರಿಗೆ ಫೋನ್ ಮಾಡಿ ಟೆಸ್ಟ್ ಮೋಡಿಗೆ ಹಾಕಿಸಿ. ಟರ್ಮಿನಲ್ಲುಗಳ ಫೋಟೋ ತೆಗೆದುಕೊಂಡು, ಆ ಝೋನಿನ ಎರಡೂ ತಂತಿಗಳನ್ನು ಬಿಡಿಸಿ ಅಳೆಯಿರಿ. ಕರೆಂಟ್ ಇರುವ ಸರ್ಕ್ಯೂಟಿನ ಮೇಲೆ ಓಮ್ ಅಳೆಯಬಾರದು. ಅಗ್ಗದ ಮೀಟರಿನ 2000 ಓಮ್ ರೇಂಜ್ 1999ಕ್ಕೇ ಮುಗಿಯುವುದರಿಂದ, ಸರಿಯಾದ ರೆಸಿಸ್ಟರಿಗೂ ಅದು ‘ತುಂಡಾಗಿದೆ’ ಎಂದೇ ತೋರಿಸೀತು. 20ಕೆ ರೇಂಜಿಗೆ ತಿರುಗಿಸಿ. 1.90ರಿಂದ 2.10ರವರೆಗೆ (ಸಾವಿರ ಓಮ್‌ಗಳಲ್ಲಿ) ಬಂದರೆ ಚಿಂತೆಯಿಲ್ಲ, ಶೇ 5ರ ವ್ಯತ್ಯಾಸ ರೆಸಿಸ್ಟರಿನದೇ.

ಜಾಯಿಂಟ್ ಬಗ್ಗೆ ಅನುಮಾನವಿದ್ದರೆ ರೆಸಿಸ್ಟರಿನ ಎರಡು ಕಾಲುಗಳನ್ನು ತಾತ್ಕಾಲಿಕವಾಗಿ ತಂತಿಯಿಂದ ಕೂಡಿಸಿ, 200 ರೇಂಜಿನಲ್ಲಿ ಅಳೆಯಿರಿ. 22 ಗೇಜ್ ತಾಮ್ರದ ತಂತಿ ಹೋಗಿ ಬರುವ ದಾರಿ ಸೇರಿ 60 ಮೀಟರಿದ್ದರೂ ಸುಮಾರು 3 ಓಮ್ ಅಷ್ಟೇ. ಹತ್ತಾರು ಓಮ್ ಬಂದರೆ, ಅಥವಾ ತಂತಿ ಅಲುಗಿಸಿದಾಗ ಅಂಕಿ ಕುಣಿದರೆ, ಎಲ್ಲೋ ಒಂದು ಜಾಯಿಂಟ್ ಕಿಲುಬು ಹಿಡಿದಿದೆ.

ಒಂದೇ ಝೋನಿನಲ್ಲಿ ಐದಾರು ಬಾಗಿಲು ಕಿಟಕಿಗಳು ಸಾಲಾಗಿ ಇರುವುದುಂಟು. ಎಲ್ಲವನ್ನೂ ಮುಚ್ಚಿ, ಕ್ಲಿಪ್ ತಂತಿಯಿಂದ ಒಂದೊಂದೇ ಸ್ವಿಚ್ಚನ್ನು ಬೈಪಾಸ್ ಮಾಡುತ್ತ ಹೋಗಿ. ಯಾವುದನ್ನು ಕೂಡಿಸಿದಾಗ 2000 ಮರಳುತ್ತದೋ ಅದೇ ಕೆಟ್ಟದ್ದು. ಎರಡು ಕೆಟ್ಟಿರಬಹುದು, ಹಾಗಾಗಿ ಹಾಕಿದ ಕ್ಲಿಪ್ಪನ್ನು ತೆಗೆಯದೆ ಮುಂದಕ್ಕೆ ಹೋಗುವುದು ಒಳ್ಳೆಯದು. ಎಲ್ಲಕ್ಕೂ ಕ್ಲಿಪ್ ಹಾಕಿದರೂ ಬರದಿದ್ದರೆ ನಡುವಿನ ತಂತಿ ತುಂಡಾಗಿದೆ, ಇಲ್ಲವೇ ರೆಸಿಸ್ಟರಿನ ಕಾಲು ಬಿಟ್ಟಿದೆ. ಹಲವು ಝೋನುಗಳು ಒಟ್ಟಿಗೇ ಕೆಟ್ಟರೆ ಮಾತ್ರ ಸೆನ್ಸರಿನ ಗೋಜಿಗೆ ಹೋಗಬೇಡಿ. ಆ ಝೋನುಗಳೆಲ್ಲ ಹಂಚಿಕೊಳ್ಳುವ ಕಾಮನ್ ಟರ್ಮಿನಲ್ಲಿನ ತಿರುಪು ನೋಡಿ.

ಇಷ್ಟೆಲ್ಲ ಗಲಾಟೆ ಮಾಡುವ ಸೆನ್ಸರಿನ ಮಾತಾಯಿತು. ನಿಜವಾಗಿ ಹೆದರಬೇಕಾದದ್ದು ಸುಮ್ಮನಿರುವ ಸೆನ್ಸರಿಗೆ. ಬಾಗಿಲು ತೆರೆದರೂ ಕೀಪ್ಯಾಡ್ ‘ರೆಡಿ’ ಎನ್ನುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಸಿಡಿಲಿನಂಥ ಸರ್ಜ್‌ಗೆ ರೀಡ್‌ನ ಪಟ್ಟಿಗಳು ಬೆಸೆದುಕೊಂಡರೆ ಹೀಗಾಗುತ್ತದೆ. ಆಯಸ್ಕಾಂತ ದೂರವಿದ್ದಾಗಲೂ ಸ್ವಿಚ್ ಒಂದು ಓಮ್‌ಗಿಂತ ಕಡಿಮೆ ತೋರಿಸಿದರೆ ತೆಗೆದು ಬಿಸಾಕಿ.

ಇನ್ನೊಂದು ಕಾರಣ, ರೆಸಿಸ್ಟರನ್ನು ತುದಿಯಲ್ಲಿ ಹಾಕದೆ ಪ್ಯಾನೆಲ್ ಡಬ್ಬಿಯಲ್ಲೇ ಸಿಕ್ಕಿಸಿರುವುದು. ಕೆಲಸ ಬೇಗ ಮುಗಿಯಲೆಂದು ಮಾಡಿದ ಸೋಮಾರಿತನ ಅಷ್ಟೇ. ಗೋಡೆಯೊಳಗೆ ಸ್ಟೇಪಲ್ ಚುಚ್ಚಿ ಎರಡು ತಂತಿ ತಾಗಿದರೂ ಪ್ಯಾನೆಲ್ಲಿಗೆ 2000 ಓಮ್ ಕಾಣುತ್ತಲೇ ಇರುತ್ತದೆ. ಅದರಾಚೆಯ ಬಾಗಿಲುಗಳೆಲ್ಲ ಲೆಕ್ಕಕ್ಕಿಲ್ಲ. ಬಿಡಿಸಿದ ತಂತಿಯಲ್ಲಿ 2000ದ ಬದಲು ಎರಡು ಮೂರು ಓಮ್ ಬಂದರೆ, ಡಬ್ಬಿಯೊಳಗೆ ರೆಸಿಸ್ಟರ್ ಹುಡುಕಿ, ಕೊನೆಯ ಸ್ವಿಚ್ಚಿನ ಬಳಿಗೆ ಸಾಗಿಸಿ. ಆದರೆ ವಿಸ್ಟಾದಲ್ಲಿ 2ರಿಂದ 8ರವರೆಗಿನ ಝೋನುಗಳನ್ನು ರೆಸಿಸ್ಟರ್ ಇಲ್ಲದೆ ನಡೆಯುವಂತೆಯೂ ಪ್ರೋಗ್ರಾಂ ಮಾಡಬಹುದು, ಅದನ್ನು ಮೊದಲು ನೋಡಿಕೊಳ್ಳಿ.

ಇಂಥ ದೋಷ ಹಿಡಿಯಲು ಚೈಮ್ (ಬಾಗಿಲು ತೆರೆದಾಗ ಕೀಪ್ಯಾಡ್ ಮಾಡುವ ಸದ್ದು) ಸಾಕು. ಅದನ್ನು ಚಾಲೂ ಮಾಡಲು ವಿಸ್ಟಾದಲ್ಲಿ ಕೋಡ್ ಒತ್ತಿ 9, ಡಿಎಸ್‌ಸಿಯಲ್ಲಿ ಸ್ಟಾರ್ 4. ಒಂದೊಂದೇ ಬಾಗಿಲು ತೆರೆಯಿರಿ. ಸದ್ದು ಬಾರದ ಬಾಗಿಲನ್ನು ಬರೆದಿಟ್ಟುಕೊಳ್ಳಿ.

ವಿಸ್ಟಾದ ವೈರ್‌ಲೆಸ್ 5816 ಸೆನ್ಸರಿಗೆ ಸಿಆರ್123ಎ ಬ್ಯಾಟರಿ. ಹೊಸ ಬ್ಯಾಟರಿ ಹಾಕಿದ ಮೇಲೂ ಬಾಗಿಲು ತೆರೆದದ್ದು ಗೊತ್ತಾಗದಿದ್ದರೆ ಪ್ರೋಗ್ರಾಮಿನಲ್ಲಿ ಲೂಪ್ ಸಂಖ್ಯೆ (ಸೆನ್ಸರಿನ ಯಾವ ಸ್ವಿಚ್ಚನ್ನು ಗಮನಿಸಬೇಕೆಂದು ಪ್ಯಾನೆಲ್ಲಿಗೆ ಹೇಳುವ ಅಂಕಿ) ನೋಡಿ. ಒಳಗಿನ ರೀಡ್ ಸ್ವಿಚ್ಚಿಗೆ ಲೂಪ್ 2; ಲೂಪ್ 1 ಹೊರಗಿನಿಂದ ತಂತಿ ಜೋಡಿಸುವವರಿಗೆ.