ಅಳಿವೆ ಬೇರೆ, ಅಳಿವು ಬೇರೆ

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಮಂಗಳೂರಿನ ಹಕ್ಕಿಗಳ ಬಗ್ಗೆ ಒಂದು ಬರಹ. ತಲೆಬರಹ ‘ಅಳಿವಿನ ಹಕ್ಕಿಗಳು’. ಕೆಳಗೆ ಗರುಡನ ಫೋಟೋ. ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ಬುಟ್ಟಿಯ ಮೇಲೇ ಸುತ್ತು ಹೊಡೆಯುವ ಗರುಡನಿಗೆ ಅಳಿಯುವ ಗತಿ ಯಾವಾಗ ಬಂತು? ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ಅಳಿವೆಯ ಹಕ್ಕಿಗಳು’. ಯಾರೋ ತಿದ್ದಿದ್ದಾರೆ, ಇಲ್ಲವೇ ಫೋನೇ ತಿದ್ದಿದೆ.

ಅಳಿವೆ ಅಂದರೆ ಹೊಳೆ ಕಡಲು ಸೇರುವ ಜಾಗ. ಮಲಯಾಳಿಗಳು ಇದನ್ನೇ ಅಳಿಮುಖ ಅನ್ನುತ್ತಾರೆ. ಅವರ ಬಾಯಲ್ಲಿ ಆ ‘ಳಿ’ ಇವತ್ತಿಗೂ ನಮ್ಮ ಹಳಗನ್ನಡದ ‘ೞಿ’. ನಾಶವಾಗು ಅನ್ನುವ ‘ಅಳಿ’ಗೂ ಹಿಂದೆ ಇದೇ ೞ ಇತ್ತು. ಹಾಗಾಗಿ ಎರಡರ ಬೇರೂ ಒಂದೇ ಇರಬೇಕು ಅಂತ ನನ್ನ ಗುಮಾನಿ. ಇರಲಿ, ಬೇರು ಒಂದಾದ ಮಾತ್ರಕ್ಕೆ ಅರ್ಥ ಒಂದಾಗುತ್ತದಾ? ಬೆಳ್ಳಿಯಲ್ಲೂ ಬೆಳ್ಳುಳ್ಳಿಯಲ್ಲೂ ಇರುವುದು ಅದೇ ಬಿಳುಪು. ಬೆಳ್ಳುಳ್ಳಿಯ ಕಾಲುಗೆಜ್ಜೆ ಯಾರೂ ಮಾಡಿಸುವುದಿಲ್ಲ ಅಲ್ವಾ?

ಇನ್ನು ಕೆಲವರು ಅಳಿವೆ ಅನ್ನುವುದು ಹಳ್ಳಿ ಮಾತು ಅಂದುಕೊಂಡು ಸುಮ್ನೆ ‘ಮುಖಜ ಭೂಮಿ’ ಅಂತ ಬರೆದುಬಿಡುತ್ತಾರೆ. ಅದು ಕೃಷ್ಣೆ, ಗೋದಾವರಿಗಳು ಮಣ್ಣು ತಂದು ಹರಡಿ ಮಾಡಿದ ಬಯಲು. ನೇತ್ರಾವತಿಗೆ ಅಂಥದ್ದಿಲ್ಲ.

ನೇತ್ರಾವತಿಗೂ ಗುರುಪುರ ಹೊಳೆಗೂ ಸೇರಿ ಒಂದೇ ಅಳಿವೆ. ಒಂದು ದಡದಲ್ಲಿ ಬೆಂಗ್ರೆ, ಎದುರಿಗೆ ಉಳ್ಳಾಲದ ಕೋಟೆಪುರ. ದೋಣಿಯವರು ಕಡಲಿಗೆ ಹೋಗುವ ದಾರಿಯನ್ನು ‘ಅಳಿವೆ ಬಾಗಿಲು’ ಅನ್ನುತ್ತಾರೆ. ಅಲ್ಲಿ ಹೂಳು ತುಂಬಿದರೆ ಅವರಿಗೆ ಜೀವಭಯ. ಉಬ್ಬರದಲ್ಲಿ ಉಪ್ಪುನೀರು ಹೊಳೆಯೊಳಗೆ ನುಗ್ಗುತ್ತದೆ, ಮಳೆಗಾಲದಲ್ಲಿ ಕೆಂಪು ಸಿಹಿನೀರು ಅದನ್ನು ಆಚೆ ನೂಕುತ್ತದೆ. ಎರಡನ್ನೂ ತಾಳಿಕೊಳ್ಳುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಮರುವಾಯಿ ಅನ್ನುವ ಚಿಪ್ಪುಜೀವಿ, ಏಡಿಗಳಿಗೆ ಅದೇ ಮನೆ.

ಇಳಿತದ ಹೊತ್ತಿಗೆ ಹೋಗಿ ನೋಡಿ. ಕೆಸರಿನ ತುಂಬ ತೂತುಗಳು. ಅಲ್ಲಾಡದೆ ನಿಂತರೆ ಒಂದೊಂದೇ ಪುಟ್ಟ ಏಡಿ ಹೊರಗೆ ಬರುತ್ತದೆ. ಗಂಡಿಗೆ ಒಂದು ಕೈ ಮಾತ್ರ ಮೈಗಿಂತ ಜಾಸ್ತಿ ಉದ್ದ. ಅದನ್ನೇ ಎತ್ತಿ ಎತ್ತಿ ಹೆಣ್ಣನ್ನು ಕರೆಯುತ್ತದೆ. ಆಚೆ ಬೂದು ಬಣ್ಣದ ಹಕ್ಕಿಯೊಂದು ಮೀನಿಗೆ ಹೊಂಚು ಹಾಕಿ ನಿಂತಿರುತ್ತದೆ. ಅದೂ ಬೆಳ್ಳಕ್ಕಿಯೇ. ಕಡಲ ದಡದ ಈ ಜಾತಿಯಲ್ಲಿ ಬಿಳಿಯದೂ ಉಂಟು, ಬೂದಿಯದೂ ಉಂಟು. ಬೆಳ್ಳಗಿನ ಹಕ್ಕಿಯೇ ಬೆಳ್ಳಕ್ಕಿ ಅಂತ ವಾದಿಸುವವರಿಗೆ ಇನ್ನೊಂದು ದಿನ ಉತ್ತರ ಕೊಡುತ್ತೇನೆ.